ಪೆಟ್ಟಿಗೆಯೊಳಗೆ ಯಾರೋ ಇದ್ದಾರೆ

ಬಾಗಿಲು ತಟ್ಟಿದರೆ ಸಾಧಾರಣ ಜನ "ಯಾರು?" ಎಂದು ಕೇಳುತ್ತಾರೆ. ಈ ಬಡಗಿ "ಯಾಕೆ?" ಎಂದು ಕೇಳುತ್ತಿದ್ದ. ಕೆಲಸವನ್ನು ಹೊಗಳಿದವರಿಗೆ ಏನೋ ಬೇಕಾಗಿದೆ ಎಂದು ಅವನ ಎಣಿಕೆ, ಹೊಗಳದವರಿಗೆ ಹೊಟ್ಟೆಕಿಚ್ಚು. ನೋಡಿ ಸುಮ್ಮನೆ ನಕ್ಕು ಹೋದವರು ಎಲ್ಲರಿಗಿಂತ ಅಪಾಯ, ಅವರು ಕಣ್ಣಲ್ಲೇ ಅಳತೆ ತೆಗೆದುಕೊಂಡು ಹೋಗಿರುತ್ತಾರೆ. ಸಂಜೆ ಕೆಲಸ ಮುಗಿಸುವಾಗ ಅಳತೆಯ ಹಲಗೆಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದ, ತಪ್ಪು ಮಾಡಿದ ಶಾಲಾಮಕ್ಕಳ ಹಾಗೆ. ತೇಗದ ಹೊಟ್ಟನ್ನೂ ಬೇರೆ ಮರದ ಹೊಟ್ಟನ್ನೂ ಕಲಸಿ ಚೀಲಕ್ಕೆ ತುಂಬುತ್ತಿದ್ದ. ಕಸ ಒಯ್ಯುವವನು ಮೂಸಿ ನೋಡಿ ಗುಟ್ಟು ಕಂಡುಹಿಡಿದುಬಿಟ್ಟರೆ? ಬೀಗ ಹಾಕಿ ಅರ್ಧ ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಬೀಗ ಎಳೆದು ನೋಡುತ್ತಿದ್ದ. ಇದನ್ನೆಲ್ಲ ಮದುವೆಯಾದಂದಿನಿಂದ ನೋಡುತ್ತ ಬಂದ ಹೆಂಡತಿ ಅವನಿಗೆ "ಪತ್ತೇದಾರ" ಎಂದು ಹೆಸರಿಟ್ಟಳು. ಬೀದಿಯವರೂ ಹಾಗೇ ಕರೆಯತೊಡಗಿದರು. ಆ ಹೆಸರನ್ನು ಮನೆಯಿಂದ ಬೀದಿಗೆ ಮುಟ್ಟಿಸಿದವರು ಯಾರು ಎಂಬುದನ್ನು ಪತ್ತೇದಾರ ಇನ್ನೂ ಹುಡುಕುತ್ತಿದ್ದ.

ಅವನು ಮಾಡುತ್ತಿದ್ದದ್ದು ಗಿಟಾರಿನ ಆಂಪ್ಲಿಫೈಯರುಗಳಿಗೆ ಗಟ್ಟಿಮರದ ಪೆಟ್ಟಿಗೆ. ತಂತಿ ಮೀಟಿದಾಗ ಹುಟ್ಟುವ ಪಿಸುಮಾತನ್ನು ಸಭೆಗೆಲ್ಲ ಕೇಳುವಂತೆ ಕೂಗಿಸುವ ಯಂತ್ರ ಅದು. ಒಳಗೆ ಕೆಂಪಗೆ ಉರಿಯುವ ಗಾಜಿನ ಬುರುಡೆಗಳು, ಸಿಕ್ಕುಸಿಕ್ಕು ತಂತಿ, ಒಂದು ದೊಡ್ಡ ಸ್ಪೀಕರು. ಕಾರ್ಖಾನೆಯವರು ಇಷ್ಟನ್ನೂ ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯ ಡಬ್ಬಿಗೆ ತುರುಕಿ, ಮೇಲೆ ಕರಿ ರೆಕ್ಸಿನ್ ಹೊದಿಸಿ ಕಳಿಸುತ್ತಾರೆ. "ಅದು ಪೆಟ್ಟಿಗೆ ಅಲ್ಲ, ಮುಸುಕು ಹಾಕಿಕೊಂಡ ಕಳ್ಳ," ಎನ್ನುತ್ತಿದ್ದ ಪತ್ತೇದಾರ. ಹಿಂದೆ, ಕಿಟಕಿ ಬಾಗಿಲು ಮಾಡಿಕೊಂಡಿದ್ದ ಕಾಲದಲ್ಲಿ, ಯಾರೋ ಮೆಟ್ಟಿಲ ಮೇಲಿಂದ ಉರುಳಿಸಿ ಒಡೆದುಕೊಂಡ ಅಂಥದೊಂದು ಡಬ್ಬಿಯನ್ನು ಅವನ ಬಳಿ ತಂದಿದ್ದರು. ಅದು ರಿಪೇರಿಯಾಗುವ ಸ್ಥಿತಿಯಲ್ಲಿರಲಿಲ್ಲ. ಬಾಗಿಲಿಗೆ ಉಳಿದಿದ್ದ ತೇಗದಲ್ಲಿ ಹೊಸದೇ ಮಾಡಿಕೊಟ್ಟ. ನುಡಿಸಿ ನೋಡಿದವನು ತೆರೆದ ಬಾಯಿ ಮುಚ್ಚಲಿಲ್ಲ. ಇವನು ಬೇಕೆಂದೇ ಬಾಯಿ ತೆರೆದು ನಾಟಕ ಆಡುತ್ತಿದ್ದಾನೆ ಎಂದು ಪತ್ತೇದಾರನಿಗೆ ಗುಮಾನಿ ಬಂತಾದರೂ ಅಂದಿನಿಂದ ಕಿಟಕಿ ಬಾಗಿಲಿನ ಸಹವಾಸ ಬಿಟ್ಟ.

ಒಂದು ಪೆಟ್ಟಿಗೆಗೆ ಒಂದೇ ಹಲಗೆ, ಇದು ಅವನ ನೇಮ. ಮರದ ಗೆರೆ ಎಡಬದಿಯಲ್ಲಿ ಹತ್ತಿ, ನೆತ್ತಿಯ ಮೇಲೆ ಹರಿದು, ಬಲಬದಿಯಲ್ಲಿ ಇಳಿಯಬೇಕು, ಎಲ್ಲೂ ಕಡಿಯಬಾರದು. ಹಲಗೆಯನ್ನು ಕೊಳ್ಳುವ ಮೊದಲು ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು, ಮತ್ತೆ ತಟ್ಟಿ, ಮರದಂಗಡಿಯವನ ಮುಖ ನೋಡಿ, ಇನ್ನೊಮ್ಮೆ ತಟ್ಟುತ್ತಿದ್ದ. ಮೂಲೆಗಳನ್ನು ಎರಡು ಕೈಯ ಬೆರಳು ಹೆಣೆದಂತೆ ಹಲ್ಲಿಗೆ ಹಲ್ಲು ಕೂರಿಸಿ ಗೋಂದು ಹಾಕಿ ಬಿಗಿಯುತ್ತಿದ್ದ. ಮರಕ್ಕೆ ಮೊಳೆಯಿಲ್ಲ, ತಿರುಪಿಲ್ಲ. "ಮರಕ್ಕೆ ಕಬ್ಬಿಣ ಹೊಡೆಯೋನು ಬಡಗಿ ಅಲ್ಲ, ಹಳೇ ವೈರಿ," ಎಂಬುದು ಬಂದವರಿಗೆಲ್ಲ ಉಚಿತವಾಗಿ ಸಿಗುತ್ತಿದ್ದ ಉಪದೇಶ. ಸ್ಪೀಕರು ಕೂರುವ ಮುಂದಿನ ಪ್ಲೈವುಡ್ಡಿಗೆ ಮಾತ್ರ ತಿರುಪು ಬೇಕೇ ಬೇಕು. ಅದನ್ನು ಹಾಕುವವನು ಭಾವಮೈದ. ಆ ಪಾಪ ಅವನ ಲೆಕ್ಕಕ್ಕೆ.

ಮನೆ ಕೆಳಗೆ; ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಮೂವರ ದುಡಿಮೆ ನಡೆಯುತ್ತಿತ್ತು. ನಡುವೆ ಪತ್ತೇದಾರನ ಕೆಲಸದ ಮೇಜು. ಬೆಳಕಿನ ಕಿಟಕಿಯ ಬಳಿ ಹೆಂಡತಿಯ ಹೊಲಿಗೆ ಯಂತ್ರ. ಪೆಟ್ಟಿಗೆಯ ಮುಂಭಾಗಕ್ಕೆ ಚೌಕಟ್ಟು ಕಟ್ಟಿ ಬಟ್ಟೆಯನ್ನು ಡೋಲಿನ ಚರ್ಮದಂತೆ ಬಿಗಿಯುವುದು ಅವಳ ಕೆಲಸ. ಮೂಲೆಯಲ್ಲಿ ಅವಳ ತಮ್ಮ, ಬೀದಿಯವರ ಬಾಯಲ್ಲಿ "ಬೆಸುಗೆ". ಆಂಪ್ಲಿಫೈಯರಿನ ಒಳಗಿನ ತಂತಿ, ಬುರುಡೆ, ಬೆಸುಗೆ ಎಲ್ಲ ಅವನದು. ಮೂರು ಮಾತಿಗೆ ಒಂದು ಮಾತು ಆಡುವ ಪ್ರಾಣಿ; ಆ ಒಂದು ಮಾತೂ ಹೆಚ್ಚಾಗಿ "ಹೂಂ ಭಾವ". ತಾಯಿಯಿಲ್ಲದ ಅವನನ್ನು ಅಕ್ಕನೇ ತಲೆ ಬಾಚಿ ಬೆಳೆಸಿದ್ದಳು. ಮದುವೆಯಾಗಿ ಬಂದಾಗ ಅವಳ ಜೊತೆ ಒಂದು ಹೊಲಿಗೆ ಯಂತ್ರವೂ ಈ ತಮ್ಮನೂ ಬಂದರು. ಪತ್ತೇದಾರ ಎರಡನ್ನೂ ಸುತ್ತು ಹಾಕಿ ಪರೀಕ್ಷಿಸಿಯೇ ಒಳಗೆ ಬಿಟ್ಟುಕೊಂಡಿದ್ದ.

ಹೀಗಿರುವಾಗ ಒಂದು ದಿನ ದೊಡ್ಡ ರಸ್ತೆಯ ವಾದ್ಯದಂಗಡಿಯ ಗಾಜಿನಾಚೆ ತನ್ನದೇ ಎನಿಸುವ ಪೆಟ್ಟಿಗೆಯೊಂದು ಅವನ ಕಣ್ಣಿಗೆ ಬಿತ್ತು. ಅದೇ ಹೆಣೆದ ಮೂಲೆ, ಅದೇ ದುಂಡಗೆ ಉಜ್ಜಿದ ಅಂಚು. ಮರಗೆಲಸ ಹುಟ್ಟಿದಾಗಿನಿಂದ ಲೋಕದ ಬಡಗಿಗಳು ಮೂಲೆಗಳನ್ನು ಹೀಗೇ ಹೆಣೆಯುತ್ತ ಬಂದಿದ್ದಾರೆ ಎಂಬ ಸಂಗತಿ ಅವನಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನ್ನ ಅಳತೆ ಹೊರಗೆ ಹೋದದ್ದು ಹೇಗೆ? ಅಳತೆ ಬಲ್ಲವರು ಇಬ್ಬರೇ. ಹೆಂಡತಿಯನ್ನು ಅನುಮಾನಿಸಿದರೆ ಊಟಕ್ಕೆ ಸಂಚಕಾರ. ಹೀಗಾಗಿ ಅಷ್ಟೂ ಅನುಮಾನ ಭಾವಮೈದನ ಪಾಲಿಗೆ ಬಂತು.

ಅಂದಿನಿಂದ ಪ್ರತಿ ಪೆಟ್ಟಿಗೆಯ ಹಿಂಬದಿಯ ಕೆಳಪಟ್ಟಿಯಲ್ಲಿ ಬೈರಿಗೆಯಿಂದ ಸಣ್ಣದೊಂದು ಗೂಡು ಕೊರೆದು, ಅದರೊಳಗೆ ಉಗುರಿನಷ್ಟು ಕರಿಮರದ ಚೂರನ್ನು ಗೋಂದಿನಲ್ಲಿ ಕೂರಿಸಿ, ಅದೇ ಮರದ ಬಿರಟೆ ಜಡಿದು, ಹತ್ತರಿ ಹೊಡೆದು ಸಮ ಮಾಡತೊಡಗಿದ. ನಾಳೆ ಯಾರಾದರೂ ನಕಲಿ ತಂದು ಇದು ನಿನ್ನದೇ ಎಂದರೆ, "ಒಡೆದು ನೋಡಿ, ಕರಿಚೂರು ಎಲ್ಲಿ?" ಎಂದು ಕೇಳಬಹುದಲ್ಲ! ಅಸಲಿ ಎಂದು ಸಾಬೀತು ಮಾಡಬೇಕಾದರೂ ಪೆಟ್ಟಿಗೆಯನ್ನೇ ಒಡೆಯಬೇಕಾಗುತ್ತದೆ ಎಂಬ ಸಣ್ಣ ತೊಡಕು ಈ ದೊಡ್ಡ ತಲೆಗೆ ಹೊಳೆದಿರಲಿಲ್ಲ. ಹೆಂಡತಿ ಅಡುಗೆಗೆ ಇಳಿದಾಗ, ಭಾವಮೈದ ತಂತಿ ತರಲು ಹೋದಾಗ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಈ ಕೆಲಸ ನಡೆಯುತ್ತಿತ್ತು.

ಅದೇ ವಾದ್ಯದಂಗಡಿಯವನು ಈಚೆಗೆ ಬೆಸುಗೆಯನ್ನು ತನ್ನಲ್ಲಿಗೆ ಕರೆಯುತ್ತಿದ್ದ, ರಿಪೇರಿ ವಿಭಾಗ ನೋಡಿಕೊಳ್ಳಲು. ಇದನ್ನು ಊಟದ ಹೊತ್ತಿನಲ್ಲಿ ಬೆಸುಗೆಯೇ ಹೇಳಿದ. "ಕರೀತಿದ್ದಾರೆ. ನಾನಿನ್ನೂ ಏನೂ ಹೇಳಿಲ್ಲ."

ಬಾಯಿಬಿಟ್ಟು ಇಷ್ಟು ಹೇಳುವವನು ಹೊಟ್ಟೆಯಲ್ಲಿ ಎಷ್ಟು ಇಟ್ಟುಕೊಂಡಿರಬೇಡ ಎಂದು ಪತ್ತೇದಾರ ಲೆಕ್ಕ ಹಾಕಿದ. ಆದರೂ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತ ಕೂತ. ಬೆಸುಗೆ ಹೋದರೆ ಪೆಟ್ಟಿಗೆಯೊಳಗೆ ಇಡಲು ಏನಿರುತ್ತದೆ? ಗಾಳಿ. ಗಾಳಿ ತುಂಬಿದ ತೇಗದ ಡಬ್ಬಿ ಯಾರಿಗೆ ಬೇಕು? ತಮ್ಮ ಕೈ ತೊಳೆಯಲು ಎದ್ದು ಹೋದ ಮೇಲೆ ಹೆಂಡತಿ ಮೆಲ್ಲಗೆ ಅಂದಳು, "ಅವನು ತನ್ನ ಖುಷಿಗೆ ಹೋಗೋದಾದರೆ ಹೋಗಲಿ. ನಿಮ್ಮ ಬಾಯಿಗೆ ಹೇಸಿ ಹೋದನೋ, ಆಮೇಲೆ ನನ್ನ ಹತ್ತಿರ ಮಾತು ಬೇಡ. ಈಗಲೇ ಹೇಳಿಟ್ಟಿದ್ದೀನಿ."

ಪತ್ತೇದಾರ ನಾಲಿಗೆಗೆ ಬೀಗ ಹಾಕಿಕೊಂಡ. ಎಳೆದೂ ನೋಡಿಕೊಂಡ.

ಆ ಬೀಗ ಸಿಂಹ ಬರುವ ತನಕ ಗಟ್ಟಿಯಾಗಿಯೇ ಇತ್ತು. ಸಿಂಹ ಎಂದರೆ ಒಬ್ಬ ಗಿಟಾರ್ ವಾದಕ. ಹೆಗಲ ತನಕ ಇಳಿದ ಕೂದಲಿಗಾಗಿ ಪತ್ತೇದಾರನ ಹೆಂಡತಿ ಇಟ್ಟ ಹೆಸರು. ಅವನು ಎಲ್ಲೂ ಸುಮ್ಮನೆ ಬರುತ್ತಿರಲಿಲ್ಲ, ಆಗಮಿಸುತ್ತಿದ್ದ. ಹೋದ ತಿಂಗಳಷ್ಟೇ ಒಯ್ದಿದ್ದ ಪೆಟ್ಟಿಗೆಯನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದು ಬಾಗಿಲಲ್ಲಿ ನಿಂತು ಕೂದಲು ಹಿಂದಕ್ಕೆ ಎಸೆದ.

"ಯಜಮಾನ್ರೇ, ನಿಮ್ಮ ಪೆಟ್ಟಿಗೆಯೊಳಗೆ ಯಾರೋ ಇದ್ದಾರೆ."

"ಯಾರು?" ಎಂದ ಪತ್ತೇದಾರ. ಜನ್ಮದಲ್ಲಿ ಮೊದಲ ಸಲ ಅವನ ಬಾಯಿಂದ ಆ ಪ್ರಶ್ನೆ ಬಂದದ್ದು.

"ಅದನ್ನ ನೀವು ಹೇಳ್ಬೇಕು. ದಪ್ಪ ತಂತೀಲಿ ಒಂದು ಸ್ವರ ಇದೆ. ಅದನ್ನ ಮೀಟಿದ ಕೂಡಲೇ ಒಳಗಿರೋನು ಗುರ್ರ್ ಅಂತಾನೆ. ನಾನು ನಿಲ್ಲಿಸಿದರೆ ಅವನೂ ನಿಲ್ಲಿಸ್ತಾನೆ. ಬೇರೆಯವರಿಗಾದರೆ ಗೊತ್ತಾಗ್ತಿರಲಿಲ್ಲ. ನನ್ನ ಕಿವಿ ಸ್ವಲ್ಪ ಬೇರೆ ಥರ."

ಬೆಸುಗೆ ಎದ್ದು ಬಂದ. ಸ್ವರ ಹುಟ್ಟಿಸುವ ಪುಟ್ಟ ಯಂತ್ರವೊಂದನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಗುಂಡಿಯನ್ನು ನಿಧಾನಕ್ಕೆ ತಿರುಗಿಸತೊಡಗಿದ. ದನಿ ಕೆಳಗಿಂದ ಮೇಲಕ್ಕೆ ಏರುತ್ತ ಬಂತು. ಒಂದು ಕಡೆ, ಸರಿಯಾಗಿ ಒಂದೇ ಕಡೆ, ಪೆಟ್ಟಿಗೆ ಗುರ್ರ್ ಎಂದಿತು, ಮುಚ್ಚಿದ ಮುಷ್ಟಿಯಲ್ಲಿ ಜೀರುಂಡೆ ಸಿಕ್ಕಿಕೊಂಡಂತೆ. ಗುಂಡಿ ಮುಂದೆ ಹೋದರೆ ಮೌನ. ಹಿಂದೆ ಬಂದರೆ ಗುರ್ರ್.

"ಬುರುಡೆ," ಎಂದ ಪತ್ತೇದಾರ ತಕ್ಷಣ. "ಬುರುಡೆ ಅಲ್ಲಾಡ್ತಿದೆ."

ಬೆಸುಗೆ ಆಂಪ್ಲಿಫೈಯರಿನ ಒಳಭಾಗವನ್ನೂ ಸ್ಪೀಕರನ್ನೂ ಬಿಚ್ಚಿ, ಮೂಲೆಯಲ್ಲಿದ್ದ ಕಾರ್ಖಾನೆಯ ಹಳೆಯ ಡಬ್ಬಿಗೆ ಕೂರಿಸಿ ಅದೇ ಸ್ವರ ಹಾಕಿದ. ಹಳೆಯ ಡಬ್ಬಿ ಸಾಧುವಿನಂತೆ ಹಾಡಿತು. ಗುರ್ ಇಲ್ಲ, ಗಿರ್ ಇಲ್ಲ. ಮತ್ತೆ ಎಲ್ಲವನ್ನೂ ತೇಗದ ಪೆಟ್ಟಿಗೆಗೆ ಕೂರಿಸಿ, ತಿರುಪುಗಳನ್ನು ಒಂದೊಂದಾಗಿ ಬಿಗಿದ. ಗುರ್ರ್.

"ಹಾಗಾದರೆ ಬಟ್ಟೆ. ಬಟ್ಟೆ ಸಡಿಲ ಬಿಟ್ಟಿರಬೇಕು."

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಎದ್ದು ಬಂದು ಬಟ್ಟೆಯ ಚೌಕಟ್ಟನ್ನು ಎರಡು ಬೆರಳಲ್ಲಿ ಕಿತ್ತು ಗಂಡನ ಕೈಗೆ ಕೊಟ್ಟಳು. ಬೆತ್ತಲೆಯಾದ ಪೆಟ್ಟಿಗೆ ಇನ್ನೂ ಗಟ್ಟಿಯಾಗಿ ಗುರ್ರ್ ಎಂದಿತು.

"ಇನ್ನು ಯಾರು ಉಳಿದರು?" ಎಂದಳು. "ಕಸದವನನ್ನ ಕರೆಸಲಾ?"

ಸಿಂಹ ನಕ್ಕ. ಪತ್ತೇದಾರ ಚೌಕಟ್ಟನ್ನು ಮೇಜಿನ ಮೇಲೆ ಕುಕ್ಕಿದ.

"ಮರ, ಭಾವ," ಎಂದ ಬೆಸುಗೆ ತಗ್ಗಿದ ದನಿಯಲ್ಲಿ. "ಮರದಲ್ಲೇ ಎಲ್ಲೋ ಇದೆ."

"ನನ್ನ ಮರದಲ್ಲಾ?" ನಾಲಿಗೆಯ ಬೀಗ ಕಳಚಿ ಬಿತ್ತು. "ಇಷ್ಟು ವರ್ಷದಲ್ಲಿ ಒಂದು ಪೆಟ್ಟಿಗೆ ಗುರ್ ಅಂದಿದೆಯೇನೋ? ನಿನ್ನನ್ನ ಆ ಅಂಗಡಿಯವನು ಕರೆದ ತಿಂಗಳೇ ಇದು ಗುರ್ ಅನ್ನುತ್ತೆ ಅಂದರೆ ನಾನೇನು ಕಿವೀಲಿ ಹೂ ಇಟ್ಟುಕೊಂಡಿದ್ದೀನಾ? ಎಲ್ಲಿ ಏನು ಮಾಡಿದರೆ ಸದ್ದು ಬರುತ್ತೆ ಅಂತ ನಿನಗೆ ಗೊತ್ತು. ಅಳತೆ ಕೊಟ್ಟಿದ್ದಾಯ್ತು. ಈಗ ಹೆಸರೂ ಕೆಡಿಸಿ ಹೋಗ್ಬೇಕಾ? ಹೋಗೋನು ಹಾಗೇ ಹೋಗೋ!"

ಕೋಣೆಯಲ್ಲಿ ಆ ಒಂದು ಸ್ವರ ಮಾತ್ರ ಗುಂಯ್ ಎನ್ನುತ್ತಿತ್ತು, ಜೊತೆಗೆ ಆ ಗುರ್ರ್. ಬೆಸುಗೆ ತನ್ನ ಬೆಸುಗೆಕಡ್ಡಿಯ ಸ್ವಿಚ್ಚು ಆರಿಸಿದ. ಅದು ತಣ್ಣಗಾಗಲಿ ಎಂದು ಎಂದಿನಂತೆ ತಂತಿಯ ಗೂಡಿಗೆ ಸಿಕ್ಕಿಸಿದ.

"ಅವರಿಗೆ ಇನ್ನೂ ಏನೂ ಹೇಳಿರಲಿಲ್ಲ ಭಾವ. ಈಗ ಹೇಳ್ತೀನಿ."

ಅವನು ಸಾಮಾನು ಕಟ್ಟಲು ಚೀಲ ಹುಡುಕುತ್ತ ತಾರಸಿಯ ಕಡೆಗೆ ಹೋದ. ಹೆಂಡತಿ ಗಂಡನ ಮುಖವನ್ನೂ ನೋಡಲಿಲ್ಲ. "ಬನ್ನಿ, ಚಹಾ ಕೊಡ್ತೀನಿ," ಎಂದು ಸಿಂಹನನ್ನೂ ಅವನ ಆಳನ್ನೂ ಕೆಳಗೆ ಕರೆದುಕೊಂಡು ಹೋದಳು.

ಒಬ್ಬನೇ ಉಳಿದ ಪತ್ತೇದಾರ ಪೆಟ್ಟಿಗೆಯ ಮುಂದೆ ಮಂಡಿಯೂರಿದ. ಮರದಂಗಡಿಯವನು ಒಡಕು ಹಲಗೆ ಕೊಟ್ಟಿರಬೇಕು ಎಂಬ ಹೊಸ ಅನುಮಾನ ಆಗಲೇ ಚಿಗುರಿತ್ತು. ಒಡಕು ಹುಡುಕುತ್ತ ನೆತ್ತಿಯ ಮೇಲೆ ಅಂಗೈ ಆಡಿಸಿದ, ಬದಿಗಳಲ್ಲಿ ಆಡಿಸಿದ, ಹಿಂದಕ್ಕೆ ಬಂದ. ಕೆಳಪಟ್ಟಿಯ ಬಲತುದಿಗೆ ಬಂದಾಗ ಬೆರಳಿನ ತುದಿಗೆ ಕಚಗುಳಿಯಾಯಿತು. ಬೆರಳು ಒತ್ತಿದ, ಗುರ್ ತಗ್ಗಿತು. ತೆಗೆದ, ಏರಿತು.

ಆಗ ಎಲ್ಲ ನೆನಪಾಯಿತು. ಈ ಪೆಟ್ಟಿಗೆ ಮುಗಿಸಿದಂದು ಎಂದಿನಂತೆ ಗೂಡು ಕೊರೆದಿದ್ದ. ಕರಿಚೂರು ಒಳಗೆ ಹಾಕಿದ್ದ. ಗೋಂದಿನ ಡಬ್ಬಿಗೆ ಕೈ ಚಾಚುವಷ್ಟರಲ್ಲಿ ಬಾಗಿಲ ಬಳಿ ಭಾವಮೈದನ ಚಪ್ಪಲಿಯ ಸದ್ದು. ಗೋಂದು ಅಲ್ಲೇ ಬಿಟ್ಟು ಬಿರಟೆಯನ್ನು ಅಂಗೈಯಿಂದ ಒತ್ತಿ ಜಡಿದು, ಮೇಲೆ ಸರಕ್ಕನೆ ಹತ್ತರಿ ಎಳೆದು, ಏನೂ ಆಗದವನಂತೆ ಸಿಳ್ಳೆ ಹಾಕುತ್ತ ನಿಂತಿದ್ದ. ಅವನು ಅದಕ್ಕೆ ಮೊದಲು ಎಂದೂ ಸಿಳ್ಳೆ ಹಾಕಿದವನಲ್ಲ.

ಅಂದರೆ ಒಳಗಿದ್ದವನು ಇವನೇ.

ಮನುಷ್ಯನಿಗೆ ಸತ್ಯ ಹೊಳೆಯಲು ಒಂದು ಗಳಿಗೆ ಸಾಕು. ಅದನ್ನು ಮುಚ್ಚುವ ಉಪಾಯ ಹೊಳೆಯಲು ಅಷ್ಟೂ ಬೇಡ. ಪತ್ತೇದಾರ ಬಾಗಿಲ ಕಡೆ ನೋಡಿದ, ತಾರಸಿಯ ಕಡೆ ನೋಡಿದ. ಬೆಸುಗೆಯ ಮೇಜಿನಿಂದ ಒಂದು ತಿರುಪು ಎತ್ತಿಕೊಂಡು ಬಿರಟೆಯ ನಡುವಿನಿಂದ ನೇರವಾಗಿ ಒಳಗೆ ತಿರುಗಿಸಿದ. ಕರಿಚೂರು ಗೂಡಿನ ತಳಕ್ಕೆ ಅಮುಕಿ ಕೂತಿತು. ಸದ್ದು ಕಡಿದುಹೋಯಿತು. ಸ್ವರ ಒಂದೇ, ಜೇನಿನ ಹಾಗೆ, ಕೋಣೆ ತುಂಬ ಹರಿಯಿತು.

ಅದನ್ನು ಕೇಳಿ ಎಲ್ಲರೂ ಬಂದರು. ಸಿಂಹ ಚಹಾದ ಲೋಟ ಹಿಡಿದೇ ಓಡಿಬಂದ. "ಒಳಗಿದ್ದೋನು ಹೋದನಾ?"

"ಏನಿತ್ತು ಭಾವ?" ಎಂದ ಬೆಸುಗೆ. ಚೀಲ ಹೆಗಲಿಗೇರಿತ್ತು, ಆದರೂ ಕಣ್ಣಲ್ಲಿ ನಿಜವಾದ ಕುತೂಹಲ.

ಬಿಸಿತುಪ್ಪ ಬಾಯಲ್ಲಿತ್ತು. ಪತ್ತೇದಾರ ನುಂಗಿದ. "ಸ್ಪೀಕರಿನ ತಿರುಪು. ಸಡಿಲ ಇತ್ತು. ಬಿಗಿ ಮಾಡಿದೆ."

"ಅದನ್ನ ನಾನು ಈಗ ತಾನೇ ಬಿಗಿ ಮಾಡಿದ್ದೆ."

"ಸಡಿಲ ಇತ್ತು ಅಂದೆನಲ್ಲ."

ಬೆಸುಗೆ ಸಿಂಹನ ಕಡೆ ನೋಡಿದ, ಅಕ್ಕನ ಕಡೆ ನೋಡಿದ. ಕಿಸೆಯಿಂದ ಸ್ಕ್ರೂಡ್ರೈವರು ತೆಗೆದು ಮೇಜಿನ ಮೇಲಿಟ್ಟ. "ಇದು ನಿಮ್ಮದು," ಎಂದ. ಮೆಟ್ಟಿಲಿಳಿದು ಹೋದ. ಅವನ ಚಪ್ಪಲಿಯ ಸದ್ದನ್ನು ಪತ್ತೇದಾರ ಅಷ್ಟು ಗಮನವಿಟ್ಟು ಎಂದೂ ಕೇಳಿರಲಿಲ್ಲ. ಬರುವ ಸದ್ದಿಗಾಗಿ ಕಿವಿ ನಿಮಿರಿಸಿಕೊಂಡೇ ವರ್ಷಗಳನ್ನು ಕಳೆದವನಿಗೆ ಹೋಗುವ ಸದ್ದಿನ ಅಭ್ಯಾಸವಿರಲಿಲ್ಲ.

ಹೆಂಡತಿ ಚೌಕಟ್ಟನ್ನು ಎತ್ತಿಕೊಂಡು ಪೆಟ್ಟಿಗೆಯ ಸುತ್ತ ಒಮ್ಮೆ ನಡೆದಳು. ಹಿಂದುಗಡೆ ನಿಂತಳು. ತೇಗದ ಕಂದು ಪಟ್ಟಿಯ ಮೇಲೆ ಹೊಚ್ಚಹೊಸ ತಿರುಪಿನ ತಲೆ ಕಿಟಕಿಯ ಬೆಳಕಿಗೆ ಮಿಣಮಿಣ ಮಿಂಚುತ್ತಿತ್ತು.

"ರೀ," ಎಂದಳು. "ಮರಕ್ಕೆ ಕಬ್ಬಿಣ ಹೊಡೆಯೋನು ಯಾರು ಅಂದ್ರಿ? ಹಳೇ ವೈರಿ, ಅಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪತ್ತೇದಾರನ ಕೈ ತಾನಾಗಿಯೇ ಹೋಗಿ ಆ ತಿರುಪನ್ನು ಮುಚ್ಚಿತು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಸಿಂಹನ ಬೂಟು ಸಿಕ್ಕಿಸಿಕೊಂಡು ದಡದಡ ಮೆಟ್ಟಿಲಿಳಿದ. ಕೋಣೆಗೆ ಬೀಗ ಹಾಕಲಿಲ್ಲ. ಅಳತೆಯ ಹಲಗೆಗಳು ಲೋಕಕ್ಕೆಲ್ಲ ಮುಖ ತೋರಿಸಿಕೊಂಡು ನಿಂತಿದ್ದವು.

ಬೀದಿಯ ತಿರುವಿನಲ್ಲಿ ಭಾವಮೈದ ಸಿಕ್ಕ. ಏದುಸಿರು ಬಿಡುತ್ತ ಪತ್ತೇದಾರ ಗೂಡಿನ ಕತೆ ಹೇಳಿದ, ಚೂರಿನ ಕತೆ ಹೇಳಿದ, ಗೋಂದು ಮರೆತ ಕತೆ, ಸಿಳ್ಳೆಯ ಕತೆ. ಬೆಸುಗೆ ಕೇಳಿಸಿಕೊಂಡ.

"ಕೆಳಪಟ್ಟಿ, ಬಲತುದಿ," ಎಂದ. "ಬಿರಟೆಯ ಗೆರೆ ಸ್ವಲ್ಪ ಅಡ್ಡ ಇರುತ್ತೆ. ನನಗೆ ಮೊದಲಿಂದ ಗೊತ್ತು ಭಾವ."

"ಗೊತ್ತಾ? ಮತ್ತೆ ಸದ್ದು ಬಂದಾಗ ಯಾಕೋ ಹೇಳಲಿಲ್ಲ?"

"ಗೋಂದು ಹಾಕಿರ್ತೀರಿ ಅಂದುಕೊಂಡೆ. ನಿಮ್ಮ ಕೆಲಸದ ಮೇಲೆ ನನಗೆ ಅನುಮಾನ ಬರಲಿಲ್ಲ." ಚೀಲದ ಪಟ್ಟಿ ಸರಿಮಾಡಿಕೊಂಡ. "ಏನೋ ಗುರುತು ಇಡ್ತೀರಿ ಅಂತ ಗೊತ್ತಿತ್ತು. ನನಗೆ ಹೆದರಿ ಇಡ್ತೀರಿ ಅಂತ ಗೊತ್ತಿರಲಿಲ್ಲ."

ಯಾವುದಕ್ಕೂ ಒಂದು ಅನುಮಾನವನ್ನಾದರೂ ಹುಡುಕಿ ತೆಗೆಯುತ್ತಿದ್ದ ಪತ್ತೇದಾರನ ತಲೆ ಖಾಲಿ ಡಬ್ಬಿಯಂತೆ ಇತ್ತು. "ತಪ್ಪಾಯ್ತು ಕಣೋ," ಎಂದ. ಆಮೇಲೆ, "ನೀನು ಹೋದರೆ ನಿನ್ನಕ್ಕ ನನ್ನ ಹತ್ತಿರ ಮಾತಾಡಲ್ಲ," ಎಂದ. ಆಮೇಲೆ, ಬಹಳ ಕಷ್ಟಪಟ್ಟು, "ನನಗೂ ಆಗಲ್ಲ," ಎಂದ.

ಬೆಸುಗೆ ಅವನ ಕಾಲ ಕಡೆ ನೋಡಿದ. "ಅದು ಯಾರ ಬೂಟು?"

"ಆ ಕೂದಲಿನವನದು."

"ಸರಿ, ಅದನ್ನ ಕೊಡೋಕಾದರೂ ವಾಪಸ್ ಹೋಗ್ಬೇಕಲ್ಲ. ಹೋಗಿ ಅವರ ಮುಂದೆಯೇ ಹೇಳಿ, ತಿರುಪು ಸಡಿಲ ಇರಲಿಲ್ಲ ಅಂತ. ಆಮೇಲೆ ನೋಡೋಣ."

ಪತ್ತೇದಾರ ಬೆಸುಗೆಯ ಜೊತೆ ಮೇಲೆ ಹೋಗಿ ಬೂಟು ಬಿಟ್ಟು, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದ. ಸಿಂಹ ಕಣ್ಣರಳಿಸಿ ಕೇಳಿದ. ಮುಗಿದ ಮೇಲೆ ಕೂದಲು ಹಿಂದಕ್ಕೆ ಎಸೆದು, "ಅಂದರೆ ನನ್ನದು ಅಸಲಿ!" ಎಂದ. ತನ್ನ ಪೆಟ್ಟಿಗೆಯಲ್ಲಿ ಗುಪ್ತ ಕರಿಚೂರು ಇದೆ ಎಂದು ವಾರದೊಳಗೆ ಎಲ್ಲ ವಾದಕರಿಗೂ ಅವನೇ ಡಂಗುರ ಹೊಡೆದ. ಅಂದೇ ತಿರುಪನ್ನು ಕಿತ್ತು, ಚೂರಿಗೆ ಗೋಂದು ಹಾಕಿ, ಹೊಸ ಬಿರಟೆ ಜಡಿದದ್ದು ಎಲ್ಲರ ಎದುರಿಗೇ ನಡೆಯಿತು. ಜಡಿದ ಮೇಲೆ ಬೆಸುಗೆ ಚೀಲವನ್ನು ಹೆಗಲಿಂದಿಳಿಸಿ, ಬೆಸುಗೆಕಡ್ಡಿಯ ಸ್ವಿಚ್ಚು ಹಾಕಿದ. ಮರುದಿನ ದೊಡ್ಡ ರಸ್ತೆಯ ಅಂಗಡಿಗೆ ಹೋಗಿ, ತಾನು ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿಬಂದ. ನಿಜವಾಗಿ ಹಾಗೆಯೇ ಹೇಳಿದನೇ ಎಂದು ತಿಳಿಯಲು ಪತ್ತೇದಾರ ಹಿಂದೆಯೇ ಹೊರಟಿದ್ದನಂತೆ. ಹೆಂಡತಿ ಅಂಗಿಯ ಹಿಂಬದಿ ಹಿಡಿದು ಕೂರಿಸಿದಳು.

ಈಗಲೂ ಒಂದೊಂದು ಪೆಟ್ಟಿಗೆ ಮುಗಿಯುವ ಹೊತ್ತಿಗೆ ಆ ಕೋಣೆಯಲ್ಲಿ ಒಂದು ಗಳಿಗೆ ಬರುತ್ತದೆ. ಬೈರಿಗೆಯ ಸದ್ದು ನಿಂತ ಕೂಡಲೇ ಅಕ್ಕ ಹೊಲಿಗೆ ನಿಲ್ಲಿಸಿ ಕಿಟಕಿಯ ಕಡೆ ಮುಖ ಮಾಡುತ್ತಾಳೆ, ತಮ್ಮ ಗೋಡೆಯ ಕಡೆ ತಿರುಗಿ ಕೂರುತ್ತಾನೆ.

"ನಾವು ನೋಡ್ತಿಲ್ಲ ಭಾವ. ನಿಧಾನಕ್ಕೆ ಮಾಡಿ. ಗೋಂದು ಮಾತ್ರ ಮರೀಬೇಡಿ."

ಪತ್ತೇದಾರ ಚೂರನ್ನು ಕೈಯಲ್ಲಿ ಹಿಡಿದು ಇಬ್ಬರ ಬೆನ್ನನ್ನೂ ನೋಡುತ್ತಾನೆ. ಇಷ್ಟು ಸುಲಭಕ್ಕೆ ಯಾಕೆ ತಿರುಗಿದರು? ಗೋಡೆಯ ಪಕ್ಕ ಇಟ್ಟಿರುವ ಆ ಟ್ರಾನ್ಸ್‌ಫಾರ್ಮರಿನ ಮುಚ್ಚಳ ಕನ್ನಡಿಯಂತೆ ಹೊಳೆಯುತ್ತಿದೆಯಲ್ಲ, ಅದನ್ನು ಅಲ್ಲೇ ಯಾಕೆ ಇಟ್ಟ? ಒಂದು ಹೆಜ್ಜೆ ಎಡಕ್ಕೆ ಸರಿದು, ಮೈಯಿಂದ ಮರೆ ಮಾಡಿಕೊಂಡು, ಗೂಡಿಗೆ ಬೇಕಾದ್ದಕ್ಕಿಂತ ಎರಡರಷ್ಟು ಗೋಂದು ಸುರಿಯುತ್ತಾನೆ.